ಕೋಲು ಕೊನೆಗೆ, ಕಡಲು ಮೊದಲು

ಬ್ರಹ್ಮಗಿರಿಯ ಸುತ್ತಲಿನ ಚಳ್ಳಕೆರೆ, ಮೊಳಕಾಲ್ಮುರು ಸೀಮೆಗೆ ಗಾಳ ಹೊಸದಲ್ಲ. ಮಳೆ ಕೈಕೊಡುವುದೇ ಹೆಚ್ಚಾದ ಈ ಬಯಲಿನಲ್ಲೂ ಕೆರೆಗೆ ನೀರು ಬಂದ ವರ್ಷ ಏರಿಯ ಮೇಲೆ ಗಾಳ ಬಿಟ್ಟು ಕೂತವರು ಕಾಣಿಸುತ್ತಾರೆ. ಹೊಸದಾಗಿ ಹುಟ್ಟಿರುವುದು ಕಡಲಿನ ಆಸೆ. ನಾಲ್ಕು ದಿನ ರಜೆ ಸಿಕ್ಕರೆ ಗೋಕರ್ಣ, ಮುರ್ಡೇಶ್ವರ, ಮಲ್ಪೆ, ಕಾಪು ಎಂದು ಹೊರಡುವ ಹುಡುಗರ ಬ್ಯಾಗಿನಲ್ಲಿ ಈಗ ಮಡಚುವ ರಾಡೂ ಒಂದಿರುತ್ತದೆ. ಹೊರಡುವ ಮೊದಲು ಅವರ ನಡುವೆ ನಡೆಯುವ ಚರ್ಚೆಯೆಲ್ಲ ಸಾಮಾನಿನದೇ: ರಾಡ್ ಎಷ್ಟು ಅಡಿ ಇರಬೇಕು, ರೀಲು ಯಾವ ಕಂಪನಿಯದು, ದಾರ ಎಷ್ಟು ಕೆ.ಜಿ. ತಡೆಯಬೇಕು. ಈ ಪ್ರಶ್ನೆಗಳು ತಪ್ಪಲ್ಲ, ಆದರೆ ಅವುಗಳ ಸರದಿ ತಪ್ಪಿದೆ ಎಂಬುದು ಈ ಬರಹದ ವಾದ. ಕಡಲ ದಡದಲ್ಲಿ ನಿಂತು ಮೀನು ಹಿಡಿಯುವವರು ಮೊದಲು ನೋಡಬೇಕಾದ್ದು ನೀರನ್ನು. ಎಷ್ಟು ತೂಕದ ಗುಂಡು ಬೇಕೆಂದು ನೀರು ಹೇಳುತ್ತದೆ, ಎಂಥ ದಾರ ಬೇಕೆಂದು ಗುಂಡು ಹೇಳುತ್ತದೆ, ರೀಲು ಮತ್ತು ರಾಡ್ ಯಾವುದೆಂದು ದಾರ ಹೇಳುತ್ತದೆ. ಈ ಸರದಿಯನ್ನು ತಲೆಕೆಳಗು ಮಾಡಿ ಅಂಗಡಿಯಲ್ಲಿ ಕಂಡ ರಾಡಿನಿಂದಲೇ ಶುರುಮಾಡಿದವರಿಗೆ ಮರಳ ದಡದಲ್ಲಿ ಮೀನು ತಪ್ಪುತ್ತದೆ. ಬಂಡೆಯ ಮೇಲಾದರೆ ಜೀವಕ್ಕೇ ಕುತ್ತು.

ನಮ್ಮ ಕೆರೆಗಳು ಕಲಿಸಿರುವುದನ್ನು ಹಗುರವಾಗಿ ಕಾಣುವ ಅಗತ್ಯವಿಲ್ಲ. ವೇದಾವತಿಯ ಮಡುಗಳಲ್ಲಿ, ಮೊಳಕಾಲ್ಮುರಿನ ರಂಗಯ್ಯನದುರ್ಗ ಜಲಾಶಯದಲ್ಲಿ, ಹಿರಿಯೂರಿನ ವಾಣಿವಿಲಾಸ ಸಾಗರದಲ್ಲಿ ಗಾಳ ಹಾಕಿ ಬೆಳೆದವರು ನೀರಿನಿಂದಲೇ ಲೆಕ್ಕ ಹಾಕುತ್ತಾರೆ. 1933ರ ನಂತರ ಮೊದಲ ಬಾರಿಗೆ 2022ರಲ್ಲಿ ವಾಣಿವಿಲಾಸ ಸಾಗರ ತುಂಬಿ ಕೋಡಿ ಬಿದ್ದಾಗ ವೇದಾವತಿಯ ಹರಿವೇ ಬದಲಾಯಿತು. ನೀರು ಬದಲಾದರೆ ಮೀನು ನಿಲ್ಲುವ ಜಾಗವೂ ಬದಲಾಗುತ್ತದೆಂಬುದು ದಡದಲ್ಲಿ ಕೂತವರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಜೊಂಡಿನ ಅಂಚಿನಲ್ಲಿ ಕೊರಮೀನು ಹೊಂಚುಹಾಕುತ್ತದೆ, ತಳದ ಕೆಸರು ಕೆದಕುವ ಗೆಂಡೆಗೆ ಹಿಟ್ಟಿನ ಉಂಡೆ ಬೇಕು, ಬೆಂಡು ಮುಳುಗುವ ರೀತಿ ನೋಡಿ ಕಚ್ಚಿದ್ದು ಯಾವ ಮೀನೆಂದು ಊಹಿಸಬಹುದು. ಇದೆಲ್ಲ ನಿಜವಾದ ತಿಳಿವಳಿಕೆ. ಆದರೆ ಅದು ನಿಂತ ನೀರಿನ ತಿಳಿವಳಿಕೆ. ಕೆರೆಯಲ್ಲಿ ಗಾಳ ಬಿಟ್ಟ ಜಾಗದಲ್ಲೇ ಇರುತ್ತದೆ. ಬೆಳಿಗ್ಗೆ ಇದ್ದ ದಡ ಸಂಜೆಗೂ ಅಲ್ಲೇ ಇರುತ್ತದೆ. ನೀರು ತಾನಾಗಿ ಎದ್ದು ಬಂದು ಕೂತವರನ್ನು ಎಳೆದುಕೊಂಡು ಹೋಗುವುದಿಲ್ಲ. ಕಡಲಿನಲ್ಲಿ ಈ ಮೂರೂ ಸುಳ್ಳಾಗುತ್ತವೆ. ಹಾಗಾಗಿ ಕೆರೆಯ ಸಾಮಾನನ್ನೇ ಸ್ವಲ್ಪ ಉದ್ದ, ಸ್ವಲ್ಪ ದಪ್ಪ ಮಾಡಿಕೊಂಡರೆ ಕಡಲಿಗೆ ಸಾಕು ಎನ್ನುವ ಎಣಿಕೆ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುತ್ತದೆ.

ಕಡಲಿನಲ್ಲಿ ಎಲ್ಲಕ್ಕಿಂತ ಮೊದಲು ಆರಿಸಿಕೊಳ್ಳಬೇಕಾದ್ದು ಹೊತ್ತು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಸುಮಾರಾಗಿ ಎರಡು ಬಾರಿ ಭರತ, ಎರಡು ಬಾರಿ ಇಳಿತ. ಒಂದು ಭರತದಿಂದ ಮುಂದಿನದಕ್ಕೆ ಹನ್ನೆರಡೂವರೆ ತಾಸಿನಷ್ಟು ಅಂತರ. ಇವತ್ತು ಬೆಳಿಗ್ಗೆ 6 ಗಂಟೆಗೆ ನೀರು ಏರಿದ್ದರೆ ನಾಳೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಜೋರು, ಅಷ್ಟಮಿಯ ಸುಮಾರಿಗೆ ಮಂದ. ಗೋಡೆಗೆ ನೇತುಹಾಕಿದ ಪಂಚಾಂಗ ನೋಡಬಲ್ಲವರಿಗೆ ಇಷ್ಟು ತಿಳಿಯುತ್ತದೆ. ನಿಖರವಾದ ಹೊತ್ತು ಫೋನಿನಲ್ಲೇ ಸಿಗುತ್ತದೆ. ನೀರು ಏರುವಾಗ ಒಣಗಿದ್ದ ಮರಳಿನ ಮೇಲೂ ಬಂಡೆಯ ಸಂದಿಗಳಿಗೂ ಅಲೆ ನುಗ್ಗಿ ಹುಳು, ಸಿಗಡಿ, ಪುಟ್ಟ ಏಡಿಗಳನ್ನು ಕೆದಕುತ್ತದೆ. ಅವುಗಳ ಬೆನ್ನುಹತ್ತಿ ಮೀನು ದಡದ ಹತ್ತಿರ ಬರುತ್ತದೆ. ಭರತಕ್ಕೆ ಮೊದಲಿನ ಎರಡು ತಾಸು, ಅದೂ ನಸುಕಿಗೋ ಮುಸ್ಸಂಜೆಗೋ ಕೂಡಿಬಂದರೆ, ಸಾಧಾರಣ ರಾಡ್ ಹಿಡಿದವರಿಗೂ ಮೀನು ಸಿಗುತ್ತದೆ. ನಡುಮಧ್ಯಾಹ್ನದ ಇಳಿತದಲ್ಲಿ ನಿಂತವರಿಗೆ ಎಷ್ಟು ದುಬಾರಿಯ ರಾಡ್ ಇದ್ದರೂ ಬಿಸಿಲೇ ಗತಿ. ದುಡ್ಡು ಕೊಟ್ಟು ಕೊಳ್ಳಲಾಗದ, ದುಡ್ಡಿಲ್ಲದೆಯೇ ಸಿಗುವ ಮೊದಲ ಸಾಮಾನು ಇದು.

ಎರಡನೆಯದು ದಡವನ್ನು ಓದುವುದು. ಮರಳ ದಡ ದೂರದಿಂದ ಒಂದೇ ಸಮ ಕಂಡರೂ ನೀರಿನಡಿ ಅದು ಉಬ್ಬುತಗ್ಗು. ದಡದಿಂದ ಸ್ವಲ್ಪ ದೂರದಲ್ಲಿ ಮರಳಿನ ದಿಬ್ಬ ಇರುತ್ತದೆ. ಅದರ ಮೇಲೆ ಅಲೆ ಒಡೆದು ಬಿಳಿ ನೊರೆ ಏಳುತ್ತದೆ. ದಿಬ್ಬಕ್ಕೂ ದಡಕ್ಕೂ ನಡುವೆ ಕಾಲುವೆಯಂಥ ತಗ್ಗು. ಅಲ್ಲಿ ಅಲೆ ಒಡೆಯುವುದಿಲ್ಲ, ನೀರು ಕಪ್ಪಾಗಿ ಕಾಣುತ್ತದೆ. ಮೀನಿನ ಓಡಾಟ ಬಹುಪಾಲು ಈ ತಗ್ಗಿನಲ್ಲೇ, ಅನೇಕ ಕಡೆ ದಡದಿಂದ ಇಪ್ಪತ್ತು ಮೂವತ್ತು ಮೀಟರಿನೊಳಗೆ. ಇಳಿತದ ಹೊತ್ತಿನಲ್ಲಿ ಒಮ್ಮೆ ಬಂದು ಮರಳಿನ ಆಕಾರ ನೋಡಿಟ್ಟುಕೊಂಡರೆ ಭರತದಲ್ಲಿ ಗಾಳ ಎಲ್ಲಿ ಬೀಳಬೇಕೆಂಬುದು ಗೊತ್ತಾಗುತ್ತದೆ. ಇಲ್ಲೊಂದು ಎಚ್ಚರಿಕೆಯನ್ನೂ ಹೇಳಲೇಬೇಕು. ದಿಬ್ಬವನ್ನು ಕೊರೆದುಕೊಂಡು ನೀರು ಮತ್ತೆ ಕಡಲಿಗೆ ಹರಿಯುವ ಕಿಂಡಿಯೂ ಹೀಗೆಯೇ ನೊರೆಯಿಲ್ಲದೆ ಶಾಂತವಾಗಿ ಕಾಣುತ್ತದೆ. ಅದರ ಸೆಳೆತ ಸೆಕೆಂಡಿಗೆ ಎರಡು ಮೀಟರ್‌ವರೆಗೂ ಹೋಗಬಲ್ಲದು. ನುರಿತ ಈಜುಗಾರರೂ ಅದರೆದುರು ಈಜಿ ದಡ ಮುಟ್ಟಲಾರರು. ಬಯಲುಸೀಮೆಯಿಂದ ಹೋದವರು ಅಲೆ ಕಡಿಮೆ ಇದೆಯೆಂದು ನಂಬಿ ಇಳಿಯುವುದು ಇಂಥ ಕಡೆಗೇ. ಗಾಳ ಹಾಕಲು ಒಳ್ಳೆಯದೆಂದು ತೋರಿದ ಜಾಗ ಸ್ನಾನಕ್ಕೆ ಅತಿ ಕೆಟ್ಟ ಜಾಗವಾಗಿರಬಹುದು.

ಈಗ ಸಾಮಾನಿನ ಲೆಕ್ಕಕ್ಕೆ ಬರೋಣ. ಗುಂಡಿಗೆ ಎರಡು ಕೆಲಸ: ಗಾಳವನ್ನು ದೂರ ಒಯ್ಯುವುದು, ಬಿದ್ದಲ್ಲಿ ಹಿಡಿದಿಡುವುದು. ಕಡಲು ಮಂದವಾಗಿದ್ದು ತಗ್ಗು ಹತ್ತಿರವಿದ್ದರೆ 30ರಿಂದ 50 ಗ್ರಾಂ ಸೀಸದ ಗುಂಡು ಸಾಕು. ಅಲೆ ಜೋರಾಗಿ ದಾರವನ್ನು ಪಕ್ಕಕ್ಕೆ ಎಳೆಯುತ್ತಿದ್ದರೆ 100 ಗ್ರಾಂ, ಅದಕ್ಕೂ ಮೇಲೆ ಬೇಕಾಗುತ್ತದೆ. ಅಷ್ಟಕ್ಕೂ ಗುಂಡು ಜರುಗುತ್ತಿದ್ದರೆ ತೂಕ ಏರಿಸುವುದಕ್ಕಿಂತ ಮೊದಲು ದಾರ ತೆಳ್ಳಗೆ ಮಾಡುವುದು ಜಾಣತನ. ನೀರು ತಳ್ಳುವುದು ಗುಂಡನ್ನಷ್ಟೇ ಅಲ್ಲ, ನೀರಿನಲ್ಲಿ ಚಾಚಿಕೊಂಡ ದಾರದ ಇಡೀ ಉದ್ದವನ್ನು. 0.40 ಮಿ.ಮೀ. ನೈಲಾನ್ ದಾರದ ಬದಲು 0.28 ಮಿ.ಮೀ. ದಾರ ಹಾಕಿದರೆ ನೀರಿಗೂ ಗಾಳಿಗೂ ಒಡ್ಡುವ ಮೈ ಶೇಕಡ 30 ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ತಡೆಯುವ ಬಲ ಅರ್ಧಕ್ಕೆ ಇಳಿಯುತ್ತದೆ, ಏಕೆಂದರೆ ಬಲ ನಿಂತಿರುವುದು ದಾರದ ಅಡ್ಡಸೀಳಿನ ವಿಸ್ತಾರದ ಮೇಲೆ. ತೆಳ್ಳಗಿನ ದಾರದಲ್ಲಿ 100 ಗ್ರಾಂ ಗುಂಡನ್ನು ಜೋರಾಗಿ ಬೀಸಿದರೆ ಬೀಸುವ ಏಟಿಗೇ ದಾರ ತುಂಡಾಗಿ ಗುಂಡು ಬಂದೂಕಿನ ಗುಂಡಾಗುತ್ತದೆ. ಹತ್ತಿರ ನಿಂತವರ ತಲೆ ಒಡೆಯಬಹುದು. ಅದಕ್ಕೇ ತೆಳ್ಳಗಿನ ದಾರದ ತುದಿಗೆ ಲೀಡರ್ ಎಂಬ ದಪ್ಪ ದಾರ ಸೇರಿಸುತ್ತಾರೆ. ಪ್ರತಿ 28 ಗ್ರಾಂ ಗುಂಡಿಗೆ ನಾಲ್ಕೂವರೆ ಕೆ.ಜಿ. ಬಲ ಎಂಬ ಹಳೆಯ ಲೆಕ್ಕದಂತೆ 100 ಗ್ರಾಂ ಗುಂಡಿಗೆ 16 ಕೆ.ಜಿ. ತಡೆಯುವ ಲೀಡರ್ ಬೇಕು. ಬೀಸುವಾಗ ರೀಲಿನ ಮೇಲೆ ನಾಲ್ಕೈದು ಸುತ್ತು ಲೀಡರೇ ಇರುವಷ್ಟು ಅದು ಉದ್ದವಿರಬೇಕು.

ಮರಳ ದಡದ ಗಾಳವನ್ನು ಹತ್ತಿರದಿಂದ ನೋಡಲು ಕಾಣೆ ಮೀನಿನ ಉದಾಹರಣೆಯೇ ಸಾಕು. ಕರಾವಳಿಯ ಊಟದಲ್ಲಿ ಮೇಲಿನ ಮಣೆ ಪಡೆದ ಈ ಮೀನಿಗೆ ಬಾಯಿ ಸಣ್ಣದು, ಕೆಳಮುಖ. ಮೂತಿ ಚಾಚಿ ಮರಳಿನಿಂದ ಹುಳು, ಸಿಗಡಿ ಹೆಕ್ಕಿ ತಿನ್ನುತ್ತದೆ. ದೊಡ್ಡ ಕೊಕ್ಕೆ ಹಾಕಿದರೆ ಮೇವು ಕಿತ್ತು ತಿಂದು ಹೋಗುತ್ತದೆ, ಬಾಯಿಗೆ ಕೊಕ್ಕೆ ಸಿಗುವುದೇ ಇಲ್ಲ. 6 ಅಥವಾ 8ನೇ ನಂಬರಿನ, ಉದ್ದ ಕಡ್ಡಿಯ ಕೊಕ್ಕೆ ಇದಕ್ಕೆ ಹೊಂದುತ್ತದೆ. ಈ ನಂಬರುಗಳಲ್ಲಿ ಅಂಕಿ ದೊಡ್ಡದಾದಷ್ಟೂ ಕೊಕ್ಕೆ ಸಣ್ಣದೆಂಬುದು ನೆನಪಿರಲಿ. ನಡುವೆ ತೂತಿರುವ ಗುಂಡನ್ನು ದಾರದಲ್ಲಿ ಪೋಣಿಸಿ, ಅದರ ಕೆಳಗೆ ಒಂದು ಮಣಿ, ಮಣಿಯ ಕೆಳಗೆ ತಿರುಗುವ ಸ್ವಿವೆಲ್, ಅಲ್ಲಿಂದ ಎರಡು ಅಡಿ ತೆಳ್ಳಗಿನ ದಾರದ ತುದಿಗೆ ಕೊಕ್ಕೆ. ಸುಲಿದ ಸಿಗಡಿಯ ಉಗುರಿನಷ್ಟು ತುಂಡನ್ನು ಕೊಕ್ಕೆಯ ಮೈ ಮುಚ್ಚುವಂತೆ ನೇರವಾಗಿ ಏರಿಸಬೇಕು. ಮೀನು ಕಚ್ಚಿ ಎಳೆದಾಗ ದಾರ ಗುಂಡಿನ ತೂತಿನಲ್ಲಿ ಸರಾಗವಾಗಿ ಜಾರುತ್ತದೆ, ತೂಕ ತಾಗದ್ದರಿಂದ ಮೀನು ಬೆದರಿ ಉಗುಳುವುದಿಲ್ಲ. ಅಲೆ ಹೆಚ್ಚಾದಾಗ ಈ ಎರಡು ಅಡಿ ದಾರ ಸುತ್ತಿಕೊಂಡು ಗೋಜಲಾಗುತ್ತದೆ. ಆಗ ಗುಂಡನ್ನು ತಳದ ತುದಿಗೆ ಕಟ್ಟಿ ಮೇಲೆ ಗೇಣುದ್ದದ ಕವಲು ದಾರಗಳಲ್ಲಿ ಕೊಕ್ಕೆ ಹಾಕುವುದು ಸರಿ. ಯಾವ ಕಟ್ಟು ಎಂಬುದನ್ನು ಇಲ್ಲಿಯೂ ಅಂದಿನ ಅಲೆಯೇ ನಿರ್ಧರಿಸುತ್ತದೆ.

ಇಷ್ಟು ಗೊತ್ತಾದ ಮೇಲೆ ರಾಡ್ ಆರಿಸುವುದು ಕಷ್ಟವಲ್ಲ. 30ರಿಂದ 60 ಗ್ರಾಂ ಎಸೆಯಬೇಕಾದರೆ ಒಂಬತ್ತು ಹತ್ತು ಅಡಿಯ ರಾಡ್. 100 ಗ್ರಾಂ ಮೇಲೆ ಎಸೆಯಲೇಬೇಕಾದರೆ ಹನ್ನೆರಡು ಹದಿಮೂರು ಅಡಿಯದು. ಎಷ್ಟು ತೂಕ ಎಸೆಯಬಹುದೆಂದು ರಾಡಿನ ಮೈಮೇಲೇ ಬರೆದಿರುತ್ತದೆ; ಉದ್ದಕ್ಕಿಂತ ಮೊದಲು ಆ ಬರಹ ಓದಬೇಕು. ರೀಲಿನಲ್ಲಿ ದಾರ ಅಂಚಿನ ಒಂದೆರಡು ಮಿಲಿಮೀಟರ್ ಕೆಳಗಿನವರೆಗೆ ತುಂಬಿರಬೇಕು. ಅರ್ಧ ತುಂಬಿದ ರೀಲು ಎಷ್ಟು ಒಳ್ಳೆಯದಾದರೂ ದೂರ ಎಸೆಯದು. ಉಪ್ಪುನೀರು ತಾಗಿದ ರೀಲನ್ನು ಅದೇ ದಿನ ಸಿಹಿನೀರಿನಲ್ಲಿ ತೊಳೆದು ಒರೆಸದಿದ್ದರೆ ಕೆರೆಯಲ್ಲಿ ಹತ್ತು ವರ್ಷ ಬಾಳುವುದು ಇಲ್ಲಿ ಒಂದೇ ಋತುವಿನಲ್ಲಿ ತುಕ್ಕು ಹಿಡಿದು ಕೂರುತ್ತದೆ. ಹೆಚ್ಚು ದೂರ ಎಸೆದಷ್ಟೂ ಹೆಚ್ಚು ಮೀನು, ಹಾಗಾಗಿ ಉದ್ದ ರಾಡೇ ಮೇಲು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ದೂರದ ದಿಬ್ಬದಾಚೆ ದೊಡ್ಡ ಮೀನು ತಿರುಗುವ ದಡಗಳೂ ಇವೆ, ಅಲ್ಲಿ ಆ ಮಾತು ನಿಜ. ಆದರೆ ಮೀನು ಮೂವತ್ತು ಮೀಟರಿನಲ್ಲಿ ಮೇಯುತ್ತಿರುವಾಗ ತೊಂಬತ್ತು ಮೀಟರ್ ಎಸೆದವರು ಮೀನಿನ ತಲೆಯ ಮೇಲಿಂದ ಗಾಳ ದಾಟಿಸಿದಂತಾಯಿತು. ಮೊದಲ ಎಸೆತ ಹತ್ತಿರಕ್ಕೆ, ಆಮೇಲೆ ಸ್ವಲ್ಪ ಸ್ವಲ್ಪ ದೂರಕ್ಕೆ ಎನ್ನುವ ಶಿಸ್ತು ಇದ್ದರೆ ಹದಿಮೂರು ಅಡಿಯ ರಾಡ್ ಬೇಕೇ ಬೇಡವೇ ಎಂಬುದು ಆ ದಡದಲ್ಲೇ ಇತ್ಯರ್ಥವಾಗುತ್ತದೆ.

ಎರಡು ಮೂರು ರಾಡ್ ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ, ಎಲ್ಲದಕ್ಕೂ ಒಂದೇ ಗಟ್ಟಿ ರಾಡ್ ಸಾಲದೇ ಎಂಬ ಆಕ್ಷೇಪಣೆ ನ್ಯಾಯವಾದದ್ದು. ಒಂದೇ ರಾಡ್ ಇರಲಿ, ಆದರೆ ಅದು ಅತಿ ಗಟ್ಟಿಯದಾಗಬೇಕಿಲ್ಲ. 20ರಿಂದ 60 ಗ್ರಾಂ ಎಸೆಯುವ ಒಂಬತ್ತಡಿಯ ನಡುಮಟ್ಟದ ರಾಡ್ ಕೊಂಡು, ಅದಕ್ಕೆ ಹೊಂದುವ ನೀರನ್ನೇ ಹುಡುಕಿಕೊಂಡು ಹೋಗುವುದು ಲೇಸು. ಅಂಥ ನೀರು ನಮ್ಮ ಕರಾವಳಿಯಲ್ಲಿ ಧಾರಾಳವಾಗಿದೆ. ನದಿ ಕಡಲು ಸೇರುವ ಅಳಿವೆಗಳನ್ನೇ ನೋಡಿ: ಕಾರವಾರದ ಬಳಿ ಕಾಳಿ, ತದಡಿಯಲ್ಲಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ, ಗಂಗೊಳ್ಳಿಯಲ್ಲಿ ಪಂಚಗಂಗಾವಳಿ, ಕೋಡಿ ಬೆಂಗ್ರೆಯಲ್ಲಿ ಸೀತಾ–ಸ್ವರ್ಣಾ, ಮಂಗಳೂರಿನಲ್ಲಿ ನೇತ್ರಾವತಿ–ಗುರುಪುರ. ಅಳಿವೆಯ ಒಳಗಿನ ದಂಡೆಗಳಲ್ಲಿ ಅಲೆಯ ಹೊಡೆತ ಕಡಿಮೆ; ಕಾಣೆ, ಕೆಂಬೇರಿ, ಸೀಬಾಸ್ ಎಂದು ಮಾರುವ ಕುರುಡಿಯಂಥ ಮೀನುಗಳು ಭರತದ ಜೊತೆ ಒಳಗೆ ಬಂದು ಇಳಿತದ ಜೊತೆ ಹೊರಗೆ ಹೋಗುತ್ತವೆ. ಕೆರೆಯಲ್ಲಿ ಕಲಿತ ಕೈಗೆ ಕಡಲಿನ ಮೊದಲ ಶಾಲೆ ಇದು. ಇಲ್ಲಿ ಕಲಿತು ಮರಳ ದಡಕ್ಕೆ, ಅಲ್ಲಿಂದ ಬಹಳ ತಡವಾಗಿ ಬಂಡೆಗೆ ಹೋಗಬೇಕು. ಗೋಕರ್ಣಕ್ಕೆ ಇಳಿದ ಮೊದಲ ದಿನವೇ ಬಂಡೆಯ ತುದಿಗೆ ಹೋಗಿ ನಿಲ್ಲುವುದು ಕಲಿಕೆಯ ಸರದಿಯನ್ನೇ ಮುರಿದಂತೆ.

ಬಂಡೆಯ ಮೀನುಗಾರಿಕೆಗೆ ಬೇರೆಯೇ ಲೆಕ್ಕ. ಮರಳಿನಲ್ಲಿ ತಪ್ಪಿದರೆ ನಷ್ಟ ಮೀನಿನದು, ಇಲ್ಲಿ ತಪ್ಪಿದರೆ ನಷ್ಟ ಮನುಷ್ಯನದು. ಬ್ರಹ್ಮಗಿರಿಯ, ಜಟಿಂಗರಾಮೇಶ್ವರದ ಬಂಡೆಗಳನ್ನು ಚಿಕ್ಕಂದಿನಿಂದ ಬರಿಗಾಲಲ್ಲಿ ಹತ್ತಿದವರಿಗೆ ಬಂಡೆಯೆಂದರೆ ಭಯವಿಲ್ಲ. ಒಣ ಗ್ರಾನೈಟಿನ ಒರಟು ಮೈ ಪಾದವನ್ನು ಕಚ್ಚಿ ಹಿಡಿಯುತ್ತದೆ. ಆದರೆ ಕಡಲಂಚಿನ ಬಂಡೆಯ ಕೆಳಭಾಗಕ್ಕೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಪಾಚಿ ಕಟ್ಟಿರುತ್ತದೆ, ಅದರ ಮೇಲೆ ಚೂಪಾದ ಚಿಪ್ಪುಗಳು. ಜಾರಿ ಬಿದ್ದವರ ಮೈ ಕೆತ್ತಿಹೋಗುತ್ತದೆ. ಬಂಡೆ ಎಲ್ಲಿಯವರೆಗೆ ಕಪ್ಪಾಗಿ ಒದ್ದೆಯಾಗಿದೆಯೋ ಅಲ್ಲಿಯವರೆಗೆ ಅಲೆ ಬರುತ್ತದೆಂದೇ ಅರ್ಥ, ಈಗ ಬರುತ್ತಿಲ್ಲವಾದರೂ. ಅಲೆಗಳು ಗುಂಪುಗುಂಪಾಗಿ ಬರುತ್ತವೆ: ಹಲವು ನಿಮಿಷ ಸಣ್ಣವು, ಆಮೇಲೆ ಒಮ್ಮೆಲೇ ಮೂರು ನಾಲ್ಕು ದೊಡ್ಡವು. ಆಕಾಶ ತಿಳಿಯಾಗಿ, ಗಾಳಿಯೇ ಇಲ್ಲದಿದ್ದರೂ ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಸಾಗರದ ಬಿರುಗಾಳಿ ಎಬ್ಬಿಸಿದ ಉಬ್ಬಲೆ ದಿನಗಟ್ಟಲೆ ಸಾಗಿ ನಮ್ಮ ದಡ ಮುಟ್ಟಬಲ್ಲದು. ಮುಂಗಾರಿಗೆ ಮೊದಲಿನ ತಿಂಗಳುಗಳಲ್ಲಿ ಕೇರಳದವರು ಕಳ್ಳಕ್ಕಡಲ್ ಎಂದು ಕರೆಯುವುದು ಇದನ್ನೇ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇಂಥ ಅಲೆಗಳ ಮುನ್ನೆಚ್ಚರಿಕೆಯನ್ನು ಪ್ರಕಟಿಸುತ್ತದೆ. ಹೊರಡುವ ಮುನ್ನ ಅದನ್ನು ನೋಡಬೇಕು; ಹೋದ ಮೇಲೆ ರಾಡ್ ಬಿಚ್ಚದೆ ಕಡೇಪಕ್ಷ ಇಪ್ಪತ್ತು ನಿಮಿಷ ಮೇಲಿನ ಒಣ ಬಂಡೆಯ ಮೇಲೆ ಕೂತು ಅಲೆ ನೋಡಬೇಕು. ಹಿಂದಿರುಗುವ ದಾರಿ ಭರತದಲ್ಲೂ ಒಣಗಿರುತ್ತದೆಯೇ, ಮೀನು ಸಿಕ್ಕರೆ ಕೆಳಗಿಳಿಯದೆ ಎತ್ತಬಹುದೇ, ಬಿದ್ದವರನ್ನು ಮೇಲೆಳೆಯುವ ಜಾಗ ಇದೆಯೇ: ಈ ಮೂರಕ್ಕೂ ಹೌದು ಎನ್ನಲಾಗದ ಬಂಡೆ ಮೀನಿಗೆ ಎಷ್ಟೇ ಹೆಸರಾಗಿದ್ದರೂ ಬೇಡ.

ಬಂಡೆಗೆ ಬೇಕಾದ ಸಾಮಾನು ಈ ಮೂರು ಪ್ರಶ್ನೆಗಳಿಂದಲೇ ಹುಟ್ಟುತ್ತದೆ. ಬಂಡೆಯ ಬುಡದ ಸಂದಿಗಳಲ್ಲಿ ಮುರು, ಕೆಂಬೇರಿಯಂಥ ಮೀನುಗಳಿರುತ್ತವೆ. ಮೇವು ಕಚ್ಚಿದ ಕೂಡಲೇ ಸಂದಿಗೆ ನುಗ್ಗುವುದು ಅವುಗಳ ಸ್ವಭಾವ. ಹೆಣೆದ ದಾರ, ಅಂದರೆ ಬ್ರೇಡ್, ಎಳೆದರೆ ಹಿಗ್ಗುವುದಿಲ್ಲ, ತೆಳ್ಳಗಿದ್ದೂ ಬಲವಾಗಿರುತ್ತದೆ. ಆದರೆ ಚಿಪ್ಪಿನ ಅಂಚಿಗೆ ಒಮ್ಮೆ ಉಜ್ಜಿದರೆ ಹರಿಯುತ್ತದೆ. ಅದಕ್ಕೆ ಮುಂದಿನ ಒಂದೆರಡು ಮಾರು ದಪ್ಪ ನೈಲಾನ್ ಲೀಡರ್ ಬೇಕೇ ಬೇಕು. ದೊಡ್ಡ ಮೀನು ಕಿತ್ತುಕೊಂಡು ಹೋಗಬಾರದೆಂದು ಅತಿ ಬಲದ ದಾರ ಹಾಕುವವರಿದ್ದಾರೆ. ಇದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಬಂಡೆಯ ಮೇಲೆ ಕಾಲು ಜಾರುವುದಕ್ಕಿಂತ ಮೊದಲು ದಾರ ಹರಿಯಬೇಕು. 12 ಕೆ.ಜಿ. ಸುಮಾರಿನ ದಾರ, ಅದರ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಎಳೆತಕ್ಕೆ ಬಿಚ್ಚಿಕೊಳ್ಳುವಂತೆ ಬಿಗಿ ಮಾಡಿದ ರೀಲು ಇದ್ದರೆ ಸಾಕು. ಹೆಣೆದ ದಾರವನ್ನು ಕೈಗೆ ಎಂದೂ ಸುತ್ತಿಕೊಳ್ಳಬಾರದು. ಗುಂಡು ಸಂದಿಗೆ ಸಿಕ್ಕಿಕೊಳ್ಳುವುದು ಇಲ್ಲಿ ನಿತ್ಯದ ತೊಂದರೆ. ಗುಂಡನ್ನು ಮುಖ್ಯ ದಾರಕ್ಕೆ ನೇರ ಕಟ್ಟದೆ ನಾಲ್ಕೈದು ಕೆ.ಜಿ. ತಡೆಯುವ ತೆಳು ದಾರದ ತುಂಡಿನಲ್ಲಿ ಕಟ್ಟಿದರೆ ಸಿಕ್ಕಾಗ ಅದೊಂದೇ ಹರಿದು ಮೀನೂ ಕೊಕ್ಕೆಯೂ ಉಳಿಯುತ್ತವೆ. ಸೀಸದ ಬದಲು ಸಣಬಿನ ದಾರದಲ್ಲಿ ಕಟ್ಟಿದ ಉದ್ದನೆಯ ಕಲ್ಲಾದರೆ ಕಡಲಿಗೆ ವಿಷವೂ ಸೇರುವುದಿಲ್ಲ. ಹೀಗೆ ಕಟ್ಟಿದ್ದನ್ನು ಜೋರಾಗಿ ಬೀಸಬಾರದು, ಕೆಳಗಿನಿಂದ ತೂಗಿ ಬಿಡಬೇಕು. ಮೀನು ಎತ್ತಲು ಉದ್ದ ಹಿಡಿಯ ಬಲೆಯೊಂದು ಇರಲೇಬೇಕು. ಹಲವರು ಜಾರುವುದು ಸಿಕ್ಕ ಮೀನನ್ನು ಕೈಯಿಂದ ಎತ್ತಲು ಒದ್ದೆ ಬಂಡೆಗೆ ಇಳಿದಾಗ.

ಲೈಫ್ ಜಾಕೆಟ್ ಎಂದ ಕೂಡಲೇ ನಮಗೆ ಈಜು ಬರುತ್ತದೆ ಎಂಬ ಉತ್ತರ ಬರುತ್ತದೆ. ಬಾವಿ, ಕೆರೆಗಳಲ್ಲಿ ಈಜು ಕಲಿತವರ ಆತ್ಮವಿಶ್ವಾಸ ಅರ್ಥವಾಗುವಂಥದ್ದೇ. ಆದರೆ ಬಂಡೆಯಿಂದ ಬಿದ್ದವರನ್ನು ಮುಳುಗಿಸುವುದು ಈಜು ಬಾರದಿರುವುದಷ್ಟೇ ಅಲ್ಲ. ಒಂದು ಅಲೆ ಬಂಡೆಗೆ ಅಪ್ಪಳಿಸುತ್ತದೆ, ಮರು ಅಲೆ ಎಳೆಯುತ್ತದೆ. ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದರೆ ಈಜುವ ಕೈಗಳು ಎಲ್ಲಿಂದ ಬರಬೇಕು? ಮೇಲೆ ಹತ್ತಲು ಹೋದಷ್ಟೂ ಬಂಡೆ ಮೈ ಕೆತ್ತುತ್ತದೆ. ಆ ಹೊತ್ತಿನಲ್ಲಿ ಬೇಕಾದ್ದು ಬಂಡೆಯಿಂದ ದೂರ ತೇಲುತ್ತ ಸಹಾಯ ಬರುವವರೆಗೆ ಮುಖ ನೀರಿನ ಮೇಲಿರುವುದು, ಆ ಕೆಲಸ ಜಾಕೆಟ್ ಮಾಡುತ್ತದೆ. ಬಂಡೆಯ ಗಾಳ ಬಹು ದೊಡ್ಡ ಹವ್ಯಾಸವಾಗಿರುವ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ ಸಾವುಗಳ ಸರಣಿಯಿಂದ ಬೇಸತ್ತು 2016ರಲ್ಲಿ ಇದಕ್ಕೆಂದೇ ಕಾನೂನು ತಂದು, ಘೋಷಿತ ಅಪಾಯದ ತಾಣಗಳಲ್ಲಿ ಲೈಫ್ ಜಾಕೆಟ್ ಕಡ್ಡಾಯ ಮಾಡಿತು. ಅಲ್ಲಿನ ಬಹಳ ಜನ ಕಡಲಂಚಿನಲ್ಲೇ ಬದುಕುವವರು. ಅವರಿಗೇ ಬೇಕಾದ್ದು ಕಡಲಿಗೆ ಒಂದು ರಾತ್ರಿಯ ಪ್ರಯಾಣದಷ್ಟು ದೂರವಿರುವ ನಮಗೆ ಬೇಡವೇ? ರಾಡಿಗೆ ಎತ್ತಿಟ್ಟ ದುಡ್ಡಿನಲ್ಲಿ ಮೊದಲ ಪಾಲು ಜಾಕೆಟ್ಟಿಗೆ, ಎರಡನೆಯದು ಜಾರದ ತಳವಿರುವ ಪಾದರಕ್ಷೆಗೆ. ಒಬ್ಬರೇ ಹೋಗಬಾರದು, ಕಡಲಿಗೆ ಬೆನ್ನು ಹಾಕಬಾರದು. ಒಬ್ಬರು ಬಿದ್ದರೆ ಇನ್ನೊಬ್ಬರು ಧುಮುಕದೆ ಹಗ್ಗವನ್ನೋ ಖಾಲಿ ಕ್ಯಾನನ್ನೋ ಎಸೆದು 112ಕ್ಕೆ, ಕೋಸ್ಟ್ ಗಾರ್ಡಿನ 1554ಕ್ಕೆ ಕರೆ ಮಾಡಬೇಕು. ಗುಡುಗಿನ ಸದ್ದು ಕೇಳಿದರೆ ರಾಡ್ ಕೆಳಗಿಟ್ಟು ದೂರ ಹೋಗಬೇಕು. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ.

ಇಷ್ಟೆಲ್ಲ ಲೆಕ್ಕ ಏಕೆ, ಕರಾವಳಿಯ ಹಿರಿಯರು ಪ್ಲಾಸ್ಟಿಕ್ ಬಾಟಲಿಗೆ ಸುತ್ತಿದ ದಾರದಲ್ಲಿ, ಕೈಗಾಳದಲ್ಲಿ ನಮ್ಮೆಲ್ಲರಿಗಿಂತ ಹೆಚ್ಚು ಮೀನು ಹಿಡಿಯುವುದಿಲ್ಲವೇ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಪ್ರಶ್ನೆ. ಹಿಡಿಯುತ್ತಾರೆ, ನಿಜ. ಅದು ನನ್ನ ವಾದಕ್ಕೆ ಒದಗಿದ ದೊಡ್ಡ ಸಾಕ್ಷಿ. ಅವರ ಬಳಿ ಸಾಮಾನು ಕಡಿಮೆ ಇರುವುದು ನೀರಿನ ತಿಳಿವಳಿಕೆ ಹೆಚ್ಚಿರುವುದರಿಂದ. ಯಾವ ತಿಥಿಗೆ, ಯಾವ ಗಾಳಿಗೆ, ಯಾವ ಕಲ್ಲಿನ ಪಕ್ಕ ಯಾವ ಮೀನು ಬರುತ್ತದೆಂಬ ಲೆಕ್ಕ ಅವರಿಗೆ ಬಾಯಿಪಾಠ. ಬೀಸುಬಲೆ ಹಿಡಿದವರು ಬಲೆ ಎಸೆಯುವ ಮೊದಲು ಎಷ್ಟು ಹೊತ್ತು ಸುಮ್ಮನೆ ನಿಂತು ನೀರು ನೋಡುತ್ತಾರೆಂಬುದನ್ನು ಗಮನಿಸಿದರೆ ಸಾಕು. ಕೈರಂಪಣಿ ಬಲೆ ಎಳೆಯುವ ಮೀನುಗಾರರೂ ಮೀನಿನ ಹಿಂಡು ಕಂಡ ಮೇಲೆಯೇ ಬಲೆ ಬಿಡುವುದು. ಅವರಿಂದ ನಾವು ಎರವಲು ತರಬೇಕಾದ್ದು ಬಾಟಲಿಯನ್ನಲ್ಲ, ಆ ನೋಟವನ್ನು. ಅವರ ಊರಿಗೆ ಹೋದಾಗ ಬಂಡೆಯ ಬಗ್ಗೆ ಅವರನ್ನೇ ಕೇಳಬೇಕು. ಇವತ್ತು ಬೇಡ ಎಂದರೆ ಚರ್ಚೆ ಅಲ್ಲಿಗೆ ಮುಗಿಯಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ನಿಷೇಧ ಮೀನಿನ ಸಂತಾನಕ್ಕಾಗಿ ಇದೆ. ದಡದ ಗಾಳವನ್ನು ಉದ್ದೇಶಿಸಿದ್ದು ಅಲ್ಲದಿದ್ದರೂ, ದೋಣಿಯನ್ನೇ ಬದುಕಾಗಿಸಿಕೊಂಡವರು ದಡದಲ್ಲಿ ಕೂತಿರುವಾಗ ಹವ್ಯಾಸಕ್ಕೆಂದು ಬಂದವರು ಮುಂಗಾರಿನ ಬಂಡೆಯ ತುದಿಗೆ ಹೋಗುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಸಾಮಾನಿನ ಆಯ್ಕೆ ನಮ್ಮ ಜೀವದ ಜೊತೆ ಮೀನಿನ ಜೀವಕ್ಕೂ ಸಂಬಂಧಿಸಿದ್ದು. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಬ್ರಹ್ಮಗಿರಿಯ ಅಶೋಕನ ಶಾಸನ ತಂದೆತಾಯಿಯರ ಸೇವೆ, ಸತ್ಯದ ನುಡಿಗಳ ಜೊತೆಗೆ ಪ್ರಾಣಿಗಳಲ್ಲಿ ದಯೆಯನ್ನೂ ಹೇಳುತ್ತದೆ. ಅದೇ ಅರಸ ಪಟ್ಟಕ್ಕೆ ಬಂದು 26 ವರ್ಷಗಳಾದಾಗ ಹೊರಡಿಸಿದ, ಉತ್ತರ ಭಾರತದ ಕಂಬಗಳ ಮೇಲೆ ಉಳಿದಿರುವ ಐದನೆಯ ಸ್ತಂಭಶಾಸನ ಕೆಲವು ಬಗೆಯ ಮೀನುಗಳನ್ನು ಕೊಲ್ಲಬಾರದೆಂದೂ, ಗೊತ್ತಾದ ಕೆಲವು ದಿನಗಳಲ್ಲಿ ಮೀನು ಹಿಡಿಯುವುದು, ಮಾರುವುದು ಬೇಡವೆಂದೂ ವಿಧಿಸುತ್ತದೆ. ಮೀನು ತಿನ್ನುವ ಸಮಾಜಕ್ಕೂ ಹಿಡಿಯುವುದರಲ್ಲಿ ಒಂದು ಮಿತಿ ಬೇಕೆಂಬ ಯೋಚನೆ ಈ ನೆಲಕ್ಕೆ ಅಷ್ಟು ಹಳೆಯದು. ಇವತ್ತು ಆ ಮಿತಿ ಸಾಮಾನಿನಲ್ಲೇ ಇಡಬಹುದು. ತುದಿ ಒಳಕ್ಕೆ ಬಾಗಿದ ಸರ್ಕಲ್ ಹುಕ್ ಮೀನಿನ ಹೊಟ್ಟೆಗೆ ಇಳಿಯದೆ ಬಾಯಿಯ ಮೂಲೆಗೆ ಸಿಗುತ್ತದೆ. ಮೀನು ಕಚ್ಚಿದಾಗ ರಾಡನ್ನು ಜಗ್ಗದೆ ನಿಧಾನವಾಗಿ ದಾರ ಸುತ್ತಿದರೆ ಆಯಿತು. ಮರಿಮೀನು ಸಿಕ್ಕರೆ ಒದ್ದೆ ಕೈಯಿಂದ ಹಿಡಿದು ಬಿಡಿಸಿ ನೀರಿಗೆ ಬಿಡಬಹುದು. ಹರಿದ ನೈಲಾನನ್ನು ದಡದಲ್ಲಿ ಬಿಸಾಡಿದರೆ ಅದು ವರ್ಷಗಟ್ಟಲೆ ಕೊಳೆಯದೆ ಹಕ್ಕಿಯ ಕಾಲಿಗೆ, ಮೊಟ್ಟೆಯಿಡಲು ಬರುವ ಕಡಲಾಮೆಯ ಕೊರಳಿಗೆ ಸುತ್ತಿಕೊಳ್ಳುತ್ತದೆ. ತಂದ ದಾರದ ಪ್ರತಿ ತುಂಡೂ ನಮ್ಮ ಜೇಬಿನಲ್ಲೇ ಊರಿಗೆ ಮರಳಬೇಕು.

ಹಾಗಾದರೆ ಮೊದಲ ಬಾರಿ ಕಡಲಿಗೆ ಹೊರಟವರು ಏನು ಮಾಡಬೇಕು? ಹುಣ್ಣಿಮೆ ಅಮಾವಾಸ್ಯೆ ನೋಡಿ ದಿನ, ಭರತ ನೋಡಿ ಹೊತ್ತು, ಇನ್‌ಕಾಯ್ಸ್ ನೋಡಿ ಅಲೆ, ಇಳಿತದಲ್ಲಿ ನಡೆದು ದಡ: ಇಷ್ಟು ಆರಿಸಿದ ಮೇಲೆ ಗುಂಡು, ದಾರ, ಕೊಕ್ಕೆ, ಕೊನೆಗೆ ರಾಡ್. ಮೊದಲ ವರ್ಷ ಅಳಿವೆ ಮತ್ತು ಮರಳ ದಡ ಬಿಟ್ಟು ಕದಲಬೇಡಿ. ಬಾಡಿಗೆಗೆ ರಾಡ್ ಕೊಡುವ ಹೋಂಸ್ಟೇಗಳು, ಗಾಳದ ಸಾಮಾನು ಮಾರುವ ಅಂಗಡಿಗಳು ಇದರಲ್ಲಿ ಪಾಲು ಹೊರಬೇಕು: ರಾಡ್ ಜೊತೆಗೆ ಲೈಫ್ ಜಾಕೆಟ್ ಕೊಡಲಿ, ಅಂದಿನ ಭರತ ಇಳಿತದ ಹೊತ್ತನ್ನು ಬಾಗಿಲಲ್ಲಿ ಬರೆದು ಹಾಕಲಿ, ಅಪಾಯದ ಬಂಡೆಗಳ ಹೆಸರು ಹೇಳಿ ಕಳಿಸಲಿ. ಇದಕ್ಕೆ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ, ಒಂದು ಹಲಗೆ ಮತ್ತು ನಾಲ್ಕು ಜಾಕೆಟ್ ಸಾಕು. ಕೆರೆಗೆ ನೀರು ಬರುವುದನ್ನು ವರ್ಷಗಟ್ಟಲೆ ಕಾದು ಗೊತ್ತಿರುವ ಜನ ನಾವು. ಕಡಲು ಸರಿಯಿಲ್ಲದ ದಿನ ಗಾಳ ಬಿಚ್ಚದೆ ಹಿಂದಿರುಗುವಷ್ಟು ತಾಳ್ಮೆ ನಮಗೆ ಕಷ್ಟವಾಗಬಾರದು. ಆ ತಾಳ್ಮೆ ಇದ್ದವರ ಕೈಯಲ್ಲಿ ಅಗ್ಗದ ರಾಡೂ ಚೆನ್ನಾಗಿ ಕೆಲಸ ಮಾಡುತ್ತದೆ.